"ನಾನ್ಯಾರು ಹೇಳಮ್ಮ?"

ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇರುವ ತಾಯಿಗೆ ಈ ಪ್ರಶ್ನೆ ಕೇಳದ ಮಕ್ಕಳು ನನ್ನ ಹತ್ತಿರ ಸಲಹೆಗೆ ಬಂದದ್ದು ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಹಾಗೆ ಬಂದ ಒಬ್ಬರಿಗೆ ಐವತ್ತರ ಆಸುಪಾಸು. ತಾಯಿಗೆ ಆಲ್ಝೈಮರ್ಸ್, ಡಿಮೆನ್ಷಿಯಾದ ಒಂದು ಬಗೆ. ಎರಡು ಸಲ ಅಪರಾತ್ರಿಯಲ್ಲಿ ಬಾಗಿಲು ತೆಗೆದು ಬೀದಿಗೆ ಹೋದ ಮೇಲೆ ಬೆಂಗಳೂರಿನ ಹೊರವಲಯದ ಒಂದು ಆರೈಕೆ ಕೇಂದ್ರಕ್ಕೆ ಸೇರಿಸಿದ್ದರು. ಹೆತ್ತವಳನ್ನು ಹೊರಗೆ ಹಾಕಿದ ಅಂತ ನೆಂಟರು ಆಡಿಕೊಂಡರಂತೆ. ಆಡಿಕೊಂಡವರಲ್ಲಿ ಒಬ್ಬರೂ ಒಂದು ರಾತ್ರಿ ಬಂದು ಕಾವಲು ಕೂತವರಲ್ಲ, ಬಿಡಿ.

ಮೂರನೇ ಭೇಟಿಯಲ್ಲಿ ಅವರು, "ಇನ್ನು ಹೋಗೋದು ಬಿಟ್ಬಿಡ್ತೀನಿ ಮೇಡಂ" ಎಂದರು. "ಪ್ರತಿ ಭಾನುವಾರ ಕೇಳ್ತೀನಿ, ನಾನ್ಯಾರು ಹೇಳಮ್ಮ ಅಂತ. ಹೋದ ವಾರ 'ಬ್ಯಾಂಕಿನೋರಾ?' ಅಂದ್ಲು. ಗುರುತೇ ಇಲ್ಲದ ಮೇಲೆ ಹೋಗಿ ಏನು ಮಾಡ್ಲಿ?"

"ಹಾಗೆ ಕೇಳಿದಾಗ ಅವರ ಮುಖ ಹೇಗಿರುತ್ತೆ?"

ತುಂಬಾ ಹೊತ್ತು ಸುಮ್ಮನಿದ್ದರು. "ಮಗ್ಗಿ ಬರದೆ ಮೇಷ್ಟ್ರ ಮುಂದೆ ನಿಂತಿರ್ತಿದ್ವಲ್ಲ, ಹಾಗೆ. ಸೆರಗಿನ ತುದಿ ಬೆರಳಿಗೆ ಸುತ್ಕೋತಾ ಇರ್ತಾಳೆ."

ಇದಾದ ಮೇಲೆ ನಾನು ಹೇಳಬೇಕಾದ್ದು ಜಾಸ್ತಿ ಉಳಿದಿರಲಿಲ್ಲ. ಪರೀಕ್ಷೆ ಮಾಡಬೇಡಿ ಎಂದೆ. ಒಳಗೆ ಹೋಗುತ್ತಲೇ ನಿಮ್ಮ ಹೆಸರು ನೀವೇ ಹೇಳಿಬಿಡಿ.

"ಡಾಕ್ಟರೂ ಕೇಳ್ತಾರಲ್ಲ?" ಎಂದರು. ಕೇಳುತ್ತಾರೆ, ಕಾಯಿಲೆ ಎಷ್ಟು ಮುಂದುವರಿದಿದೆ ಅಂತ ಅಳೆಯೋದಕ್ಕೆ. ಮಗ ವಾರವಾರ ಅಳೆದು ಏನು ಮಾಡಬೇಕು? ಕೇಳದೆ ನಾವೇ ಹೆಸರು ಹೇಳಿಬಿಡೋದು ಸೋಲೊಪ್ಪಿಕೊಂಡ ಹಾಗೆ ಅಂತ ನನಗೆ ಹೇಳಿದವರಿದ್ದಾರೆ. ನಾನು ಒಪ್ಪುವುದಿಲ್ಲ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಪೆಟ್ಟು ಬೀಳುವುದು ಹೊಸ ನೆನಪಿಗೆ. ಭಾವನೆ ಹಾಗಲ್ಲ. 2014ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಆಲ್ಝೈಮರ್ಸ್ ಇರುವವರಿಗೆ ಅಳಿಸುವ, ನಗಿಸುವ ಸಿನಿಮಾ ತುಣುಕುಗಳನ್ನು ತೋರಿಸಿದರು. ನೋಡಿದ್ದು ಮರೆತುಹೋಯಿತು, ಆದರೆ ಆ ದುಃಖ, ಆ ಖುಷಿ ಆಮೇಲೂ ಉಳಿದಿತ್ತು. ಅಂದರೆ ಮಗನ ಪ್ರಶ್ನೆ ಮರೆತರೂ, ಉತ್ತರ ಬರದ ಅವಮಾನ ತಾಯಿಯ ಜೊತೆ ಕೂತೇ ಇರಬಹುದು.

"ಮತ್ತೆ ಒಂದು ಗಂಟೆ ಏನ್ ಮಾತಾಡ್ಲಿ?"

ಡಿಸೆಂಬರ್ ಅದು. ಒಂದು ಕೆಜಿ ಅವರೆಕಾಯಿ ತಗೊಂಡು ಹೋಗಿ ಎಂದೆ. ಹೆಸರು ಮರೆತ ಮೇಲೂ ಕೈಗೆ ರೂಢಿಯಾದ ಕೆಲಸ ಎಷ್ಟೋ ದಿನ ಉಳಿಯುತ್ತೆ. ಹಸಿ ಕಾಳು ಬಾಯಿಗೆ ಹಾಕಿಕೊಳ್ಳದ ಹಾಗೆ ಪಕ್ಕದಲ್ಲೇ ಇರಿ, ಅಲ್ಲಿನ ನರ್ಸ್‌ಗೂ ಮೊದಲೇ ಹೇಳಿ ಎಂದೂ ಸೇರಿಸಿದೆ.

ತಗೊಂಡು ಹೋದರು. ಪೇಪರ್ ಹಾಸಿ ಇಬ್ಬರೂ ಸುಲಿದರಂತೆ. ಇವರು ಹುಳುಕು ಕಾಳನ್ನೂ ಪಾತ್ರೆಗೆ ಹಾಕಿದಾಗ ಅಮ್ಮ ಕೈಮೇಲೆ ಪಟ್ಟಂತ ಹೊಡೆದು, "ನೋಡಿ ಹಾಕ್ಬಾರ್ದಾ? ಯಾರ ಮನೆ ಹುಡುಗನೋ ನೀನು?" ಎಂದರಂತೆ. ಇವರು ಅಮ್ಮನ ಹೆಸರನ್ನೇ ಹೇಳಿದರು.

"ಹೌದಾ? ಹಾಗಾದ್ರೆ ಊಟ ಮಾಡ್ಕೊಂಡೇ ಹೋಗು."

ಇದನ್ನು ಹೇಳುವಾಗ ಅವರು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, ಈ ಭಾನುವಾರ ಎರಡು ಕೆಜಿ ಒಯ್ಯುತ್ತೇನೆ ಎಂದರು. ಒಂದೇ ಸಾಕು, ಅವರಿಗೆ ಸುಸ್ತಾಗುತ್ತೆ ಎಂದೆ.