ದಿನಬಳಕೆಗೆ ಎಂಥ ಸ್ವೆಟರ್?

ಪ್ರಶ್ನೆ: ನಾನು ಕೊಪ್ಪಳದಿಂದ ದಿನವೂ ಬೆಳಗಿನ ಬಸ್ಸಿಗೆ ಗಂಗಾವತಿಯ ಶಾಲೆಗೆ ಹೋಗುವ ಶಿಕ್ಷಕಿ. ಚಳಿಗೆಂದು ಕೊಂಡ ಸ್ವೆಟರ್ ಎರಡೇ ತಿಂಗಳಲ್ಲಿ ಮೈತುಂಬ ಉಂಡೆಗಟ್ಟಿದೆ. ಹತ್ತು ಗಂಟೆಯಾದರೆ ಅದರೊಳಗೆ ಬೆವರುತ್ತೇನೆ. ಪರಿಸರಕ್ಕೆ ಹೊರೆಯಾಗದೆ ಬಹುಕಾಲ ಬಾಳುವ ಸ್ವೆಟರನ್ನು ಹೇಗೆ ಆರಿಸಬೇಕು? ನಮ್ಮ ಕಂಬಳಿಯ ಉಣ್ಣೆಯಿಂದ ಹೆಣೆಸಬಹುದೇ?
– ಓದುಗರೊಬ್ಬರು, ಕೊಪ್ಪಳ

ಉತ್ತರ: ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ನಿಮ್ಮ ಸ್ವೆಟರ್ ಬಹುಶಃ ಅಕ್ರಿಲಿಕ್ ನೂಲಿನದು. ಪೆಟ್ರೋಲಿಯಂ ಮೂಲದ ಈ ನೂಲು ಬೆವರನ್ನು ಹೀರುವುದಿಲ್ಲ. ಒಗೆದಾಗಲೆಲ್ಲ ಅದರಿಂದ ಉದುರುವ ಸೂಕ್ಷ್ಮ ಎಳೆಗಳು ಕೊಳೆಯದೆ ನೀರಿನಲ್ಲಿ ಉಳಿಯುತ್ತವೆ. ಖಾತ್ರಿಯಾಗಬೇಕಾದರೆ ಒಳಹೊಲಿಗೆಯಿಂದ ಒಂದು ಎಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿರಿ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ, ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ ತಾನೇ ಆರುತ್ತದೆ, ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ.

ನಮ್ಮ ಕಡೆ ಚಳಿ ಬೆಳಗಿನದು, ಅದೂ ಕೆಲವೇ ವಾರಗಳದು. ಆದ್ದರಿಂದ ಮುಂದೆ ಗುಂಡಿಯಿರುವ, ತೆಳುವಾದ, ಅಪ್ಪಟ ಹತ್ತಿಯ ಹೆಣಿಗೆಯೇ ನಿಮಗೆ ಸರಿಯೆಂಬುದು ನನ್ನ ಅಭಿಪ್ರಾಯ. ಹತ್ತಿಯೆಂದ ಮಾತ್ರಕ್ಕೆ ಎಲ್ಲವೂ ನಿರ್ಮಲವಲ್ಲ. ಆ ಬೆಳೆಗೆ ಬೀಳುವ ಔಷಧಿಯ ಲೆಕ್ಕ ರಾಯಚೂರಿನ ರೈತರಿಗೆ ಚೆನ್ನಾಗಿ ಗೊತ್ತು. ಸಾವಯವ ಬಟ್ಟೆಗೆ ಕೊಡುವ ಅಂತರರಾಷ್ಟ್ರೀಯ ಪ್ರಮಾಣಪತ್ರವಾದ ಜಿಒಟಿಎಸ್‌ನ ಮುದ್ರೆ ಇದ್ದರೆ ಚೀಟಿಯನ್ನು ಪೂರ್ತಿ ಓದಿರಿ: ‘ಸಾವಯವ’ ಎಂಬ ದರ್ಜೆಗೆ ಕನಿಷ್ಠ ಶೇ 95, ‘ಸಾವಯವ ನೂಲು ಬಳಸಿದ್ದು’ ಎಂಬ ದರ್ಜೆಗೆ ಕನಿಷ್ಠ ಶೇ 70ರಷ್ಟು ಸಾವಯವ ನಾರು ಇರಬೇಕೆಂಬುದು ಅದರ ನಿಯಮ.

ಇನ್ನು ಕಂಬಳಿಯ ಪ್ರಶ್ನೆ. ನಮ್ಮ ಡೆಕ್ಕನಿ ಕುರಿಯ ಉಣ್ಣೆ ಒರಟು, ಅದರ ಎಳೆ ನಯವಾದ ಉಣ್ಣೆಗೆ ಹೆಸರಾದ ಮೆರಿನೊ ಕುರಿಯ ಎಳೆಗಿಂತ ಬಹಳ ದಪ್ಪ. ಆದ್ದರಿಂದ ಮೈಗೆ ತಾಗಿದರೆ ಚುಚ್ಚುತ್ತದೆ. ಅಡವಿಯಲ್ಲಿ ಮಳೆ-ಚಳಿಗೆ ಮೈಯೊಡ್ಡುವ ಕುರಿಗಾಹಿಗೆ ಅದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲವಾದರೂ, ದಿನವಿಡೀ ತೊಡುವ ಸ್ವೆಟರಿಗೆ ಅದು ಒಗ್ಗದು. ಆ ಉಣ್ಣೆಯ ಮೇಲೆ ಮಮತೆ ಇದ್ದರೆ ಕಂಬಳಿ ಬಟ್ಟೆಯಿಂದ ಹತ್ತಿಯ ಒಳಪದರ ಕೊಟ್ಟ ತೋಳಿಲ್ಲದ ಮೇಲಂಗಿ ಹೊಲಿಸಿಕೊಳ್ಳಿರಿ. ನೇಯ್ದವರ ಕೈಯಿಂದಲೇ ಕೊಂಡರೆ ಇನ್ನೂ ಸಂತೋಷ.

ಹತ್ತಿಯ ಹೆಣಿಗೆ ನೀರು ಕುಡಿದು ಭಾರವಾಗಿ ಜೋಲುತ್ತದೆ. ಹಿಂಡದೆ, ಹಗ್ಗಕ್ಕೆ ತೂಗುಹಾಕದೆ, ನೆರಳಲ್ಲಿ ಟವೆಲಿನ ಮೇಲೆ ಹರಡಿ ಒಣಗಿಸಿರಿ. ಈಗಿರುವ ಸ್ವೆಟರನ್ನು ಎಸೆಯಬೇಡಿ. ಉಂಡೆಗಳನ್ನು ಕತ್ತರಿಯಿಂದ ತೆಗೆದು, ಒಳಹೊರಗು ಮಾಡಿ ಅಪರೂಪಕ್ಕೊಮ್ಮೆ ಒಗೆದರೆ ಈ ಚಳಿಗಾಲಕ್ಕೂ ಬರುತ್ತದೆ.