ಮಾತ್ರೆಗಳೆಲ್ಲ ಒಂದೇ ದಿನ ಮುಗಿಯುವಂತೆ ಮಾಡುವುದು ಹೇಗೆ?

ಪ್ರಶ್ನೆ: ನಮ್ಮ ಮಾವನವರಿಗೆ 74 ವರ್ಷ. ಬಿಪಿ, ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್ ಮತ್ತು ಹೃದಯಕ್ಕೆಂದು ನಾಲ್ಕು ಬಗೆಯ ಮಾತ್ರೆಗಳಿವೆ. ಎರಡನ್ನು ಹೃದ್ರೋಗ ತಜ್ಞರೂ ಎರಡನ್ನು ಊರಿನ ಡಾಕ್ಟರೂ ಬರೆದಿದ್ದಾರೆ. ಒಂದು ಸೋಮವಾರ ಮುಗಿದರೆ ಇನ್ನೊಂದು ಗುರುವಾರ ಮುಗಿಯುತ್ತದೆ. ಕಳೆದ ತಿಂಗಳು ಭಾನುವಾರ ರಾತ್ರಿ ನೋಡಿದರೆ ಬಿಪಿ ಮಾತ್ರೆಯೇ ಇರಲಿಲ್ಲ. ಎಲ್ಲವನ್ನೂ ಒಟ್ಟಿಗೆ ತರಲು ದಾರಿ ಇದೆಯೇ? — ಓದುಗರೊಬ್ಬರು, ಹಾಸನ

ಉತ್ತರ: ಇದೆ. ಅಮೆರಿಕದಲ್ಲಿ ಹಲವು ಔಷಧಿ ಅಂಗಡಿಗಳೇ ಈ ಹೊಂದಾಣಿಕೆಯನ್ನು ಮಾಡಿಕೊಡುತ್ತವೆ. ನಮ್ಮಲ್ಲಿ ಸದ್ಯಕ್ಕೆ ಅದು ಮನೆಯವರ ಪಾಲಿಗೇ ಬಿದ್ದಿದೆ. ಮಾತ್ರೆಗಳು ಬೇರೆ ಬೇರೆ ದಿನ ಮುಗಿಯುವುದಕ್ಕೆ ಮುಖ್ಯ ಕಾರಣ ಸ್ಟ್ರಿಪ್‌ಗಳ ಲೆಕ್ಕ. ಒಂದರಲ್ಲಿ 10 ಮಾತ್ರೆ, ಮತ್ತೊಂದರಲ್ಲಿ 15, ಹೃದಯಕ್ಕೆಂದು ಕೊಡುವ ಆಸ್ಪಿರಿನ್ ಆದರೆ ಹಲವು ಬಾರಿ 14. ಜೊತೆಗೆ ಕೆಲವನ್ನು ದಿನಕ್ಕೆ ಒಂದು, ಕೆಲವನ್ನು ಎರಡು ನುಂಗಬೇಕು. ಆದ್ದರಿಂದ ಎಷ್ಟು ಮಾತ್ರೆ ಉಳಿದಿವೆ ಎನ್ನುವುದಕ್ಕಿಂತ ಅವು ಎಷ್ಟು ದಿನಕ್ಕೆ ಬರುತ್ತವೆ ಎಂದು ಲೆಕ್ಕ ಹಾಕಿಕೊಳ್ಳಿ.

ಮೊದಲು ಕೊಳ್ಳುವ ದಿನವೊಂದನ್ನು ಗೊತ್ತು ಮಾಡಿ. ಪಿಂಚಣಿ ಬಂದ ನಂತರದ ದಿನವಾಗಿ ತಿಂಗಳ 5ನೇ ತಾರೀಖು ಅನುಕೂಲವೆಂದುಕೊಳ್ಳೋಣ. ಜೂನ್ 12ರ ರಾತ್ರಿ ಎಲ್ಲ ಮಾತ್ರೆ ನುಂಗಿಯಾದ ಮೇಲೆ ಡಬ್ಬಿ ತೆರೆದು ಎಣಿಸಿದರೆ, ಜುಲೈ 4ರವರೆಗೆ 22 ದಿನಗಳಿಗೆ ಔಷಧ ಬೇಕು. ಸಕ್ಕರೆ ಕಾಯಿಲೆಗೆ ದಿನಕ್ಕೆರಡು ನುಂಗುವ ಮೆಟ್‌ಫಾರ್ಮಿನ್ 44 ಬೇಕು, 18 ಇವೆ. ಕೊರತೆ 26 ಆದ್ದರಿಂದ ಹತ್ತರ ಮೂರು ಸ್ಟ್ರಿಪ್ ಸಾಕು. ಕೊಲೆಸ್ಟ್ರಾಲ್‌ನ ಮಾತ್ರೆ ಅಟೋರ್ವಸ್ಟಾಟಿನ್ ಮೂರೇ ಉಳಿದಿದ್ದರೆ 19 ಬೇಕು, ಹತ್ತರ ಎರಡು ಸ್ಟ್ರಿಪ್ ತನ್ನಿ. ಆಸ್ಪಿರಿನ್ 9 ಇದ್ದರೆ ಒಂದೇ ಸ್ಟ್ರಿಪ್ ಸಾಕಾಗುತ್ತದೆ. ಬಿಪಿ ಮಾತ್ರೆ ಟೆಲ್ಮಿಸಾರ್ಟನ್ 26 ಇದ್ದರೆ ಈಗ ಏನೂ ಕೊಳ್ಳಬೇಡಿ. ಹೀಗೆ ಒಮ್ಮೆ ಅಳತೆಗೆ ತಕ್ಕಂತೆ ಕೊಂಡರೆ ಜುಲೈ 5ರಂದು ನಾಲ್ಕೂ ಒಟ್ಟಿಗೆ ಕೊಳ್ಳುವ ಹಂತಕ್ಕೆ ಬರುತ್ತವೆ. ಅಲ್ಲಿಂದ ಮುಂದೆ ಪ್ರತಿ ತಿಂಗಳೂ ಅಂಗಡಿಗೆ ಹೋಗುವ ಮುನ್ನ ಉಳಿದಿರುವುದನ್ನು ಎಣಿಸಿ, ಮುಂದಿನ 5ರವರೆಗಿನ ಅಗತ್ಯದಿಂದ ಅದನ್ನು ಕಳೆದು ಚೀಟಿ ಬರೆದುಕೊಳ್ಳಿ. ಮಳೆ, ಬಂದ್ ಅಥವಾ ಅಂಗಡಿಯಲ್ಲಿ ಸ್ಟಾಕ್ ಇಲ್ಲದ ಸಂದರ್ಭಕ್ಕೆಂದು ನಾಲ್ಕೈದು ದಿನದ ಮಾತ್ರೆ ಯಾವಾಗಲೂ ಹೆಚ್ಚಿಗೆ ಇರಲಿ.

ತೊಡಕು ಬರುವುದು ಹದಿನಾಲ್ಕರ ಸ್ಟ್ರಿಪ್‌ನಲ್ಲಿ. ಎರಡು ಕೊಂಡರೆ 28 ದಿನ, ತಿಂಗಳಿಗೆ ಎರಡು ಮೂರು ಮಾತ್ರೆ ಕಡಿಮೆ. ಆ ಎರಡು ಮೂರು ಮಾತ್ರೆಗಳನ್ನು ಮಾತ್ರ ಕತ್ತರಿಸಿ ಕೊಡಲು ಅನೇಕ ಅಂಗಡಿಯವರು ಒಪ್ಪುವುದಿಲ್ಲ; ಕತ್ತರಿಸಿದ ಸ್ಟ್ರಿಪ್ ಅವರ ಬಳಿಯೇ ಉಳಿದುಬಿಡುವ ಭಯವಿರುವುದರಿಂದ ಇದನ್ನು ಬರೀ ಮೊಂಡುತನ ಎನ್ನಲಾಗದು. ಒಂದು ತಿಂಗಳು ಮೂರು ಸ್ಟ್ರಿಪ್ ಕೊಂಡರೆ ಮುಂದಿನ ಕೆಲವು ತಿಂಗಳು ಎರಡೇ ಸಾಕಾಗುತ್ತವೆ, ಹಾಗೆ ಮಾಡಿ. ಕತ್ತರಿಸಿಕೊಟ್ಟರೂ ಔಷಧದ ಹೆಸರು, ಬ್ಯಾಚ್ ನಂಬರ್ ಮತ್ತು ಅವಧಿ ಮುಗಿಯುವ ದಿನಾಂಕ ಇರುವ ತುದಿ ನಿಮ್ಮ ಕೈಗೆ ಬಂದಿದೆಯೇ ನೋಡಿಕೊಳ್ಳಿ, ಇಲ್ಲವಾದರೆ ಅದನ್ನು ಬರೆಸಿಕೊಳ್ಳಿ.

ಇಲ್ಲಿ ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟಾಗಿದ್ದೇನೆ. ತಾರೀಖು ಹೊಂದಿಸಬೇಕಾದದ್ದು ಕೊಳ್ಳುವ ಪ್ರಮಾಣದಲ್ಲಿ. ಒಂದು ದಿನ ಮಾತ್ರೆ ಬಿಡುವುದರಿಂದಾಗಲಿ, ದಿನಕ್ಕೊಂದರ ಬದಲು ಎರಡು ನುಂಗಿ ಬೇಗ ಮುಗಿಸುವುದರಿಂದಾಗಲಿ ಅಲ್ಲವೇ ಅಲ್ಲ. ವಾರ್ಫರಿನ್‌ನಂತಹ ರಕ್ತ ತೆಳುಗೊಳಿಸುವ ಔಷಧದ ಪ್ರಮಾಣ ರಕ್ತಪರೀಕ್ಷೆಯ ಮೇಲೆ ಬದಲಾಗುವುದರಿಂದ ಅದನ್ನೂ, ಬೇಕೆನಿಸಿದಾಗ ಮಾತ್ರ ನುಂಗುವ ನೋವಿನ ಮಾತ್ರೆಯನ್ನೂ ಈ ಲೆಕ್ಕದಿಂದ ಹೊರಗಿಡಿ.

ಎರಡೂ ಡಾಕ್ಟರರ ಚೀಟಿಗಳನ್ನು ಒಂದೇ ಹಾಳೆಯಲ್ಲಿ ಬರೆದು, ಮುಂದಿನ ಭೇಟಿಯಲ್ಲಿ ಇಬ್ಬರಿಗೂ ತೋರಿಸಿ. ಒಬ್ಬರು ಪ್ಯಾನ್ 40, ಮತ್ತೊಬ್ಬರು ಪ್ಯಾಂಟೋಸಿಡ್ ಬರೆದು ಎರಡರಲ್ಲೂ ಇರುವ ಪ್ಯಾಂಟೊಪ್ರಜೋಲ್ ಎಂಬ ಆಸಿಡಿಟಿ ಔಷಧವನ್ನೇ ರೋಗಿ ಎರಡೆರಡು ಬಾರಿ ನುಂಗುವ ಪ್ರಮಾದ ಹಾಳೆಯ ಮೇಲೆ ತಟ್ಟನೆ ಕಾಣಿಸುತ್ತದೆ.

ಪ್ರಶ್ನೆ: ಹಳೆಯ ಚೀಟಿ ತೋರಿಸಿ ಪ್ರತಿ ತಿಂಗಳೂ ಔಷಧ ಕೊಳ್ಳಬಹುದೇ? — ಓದುಗರೊಬ್ಬರು, ಶಿವಮೊಗ್ಗ

ಉತ್ತರ: 1945ರ ಔಷಧ ನಿಯಮಗಳ ಪ್ರಕಾರ, ಮತ್ತೆ ಕೊಡಬಹುದೆಂದು ಡಾಕ್ಟರು ಬರೆದಿರದಿದ್ದರೆ ಚೀಟಿಯ ಔಷಧವನ್ನು ಒಮ್ಮೆ ಮಾತ್ರ ಕೊಡಬೇಕು. ಆದ್ದರಿಂದ ‘30 ದಿನಕ್ಕೊಮ್ಮೆ, ಮೂರು ಬಾರಿ’ ಎಂದು ಡಾಕ್ಟರಿಂದಲೇ ಬರೆಸಿಕೊಳ್ಳಿ. ಅಲ್ಪ್ರಜೋಲಾಂನಂತಹ ನಿದ್ರೆಯ ಮಾತ್ರೆಗಳು 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ, ಮಾರಾಟಕ್ಕೆ ಹೆಚ್ಚಿನ ಕಟ್ಟುನಿಟ್ಟಿರುವ ಔಷಧಗಳ ಎಚ್1 ಪಟ್ಟಿಗೆ ಸೇರಿದ್ದು, ಅವನ್ನು ಮಾರುವಾಗ ಅಂಗಡಿಯವರು ರೋಗಿಯ ಮತ್ತು ಡಾಕ್ಟರ ಹೆಸರನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾದಿಡಬೇಕಾಗುತ್ತದೆ. ಅವರು ಚೀಟಿ ಕೇಳಿದರೆ ಬೇಸರಿಸಬೇಡಿ, ಮುಂಗಡವಾಗಿ ಹೆಚ್ಚಿಗೆ ಕೊಡಲಿ ಎಂದು ಒತ್ತಾಯಿಸಲೂ ಬೇಡಿ.