ಕಾಲುವೆ ದಂಡೆಯ ಮನೆಗೆ ಬೋಟ್ ಲಿಫ್ಟ್: 24 ಅಡಿ ಬೋಟಿಗೆ 7,000 ಪೌಂಡಿನದು ಸಾಕೇ?

ಸಾಲದು. ಕೇಪ್ ಕೋರಲ್‌ನಲ್ಲಿ ಉಪ್ಪುನೀರಿನ ಕಾಲುವೆಗೆ ತಾಗಿದ ಮನೆ, 24 ಅಡಿಯ ಸೆಂಟರ್ ಕನ್ಸೋಲ್ (ನಡುವೆ ಚುಕ್ಕಾಣಿಯ ಕಟ್ಟೆ ಇರುವ) ಬೋಟು, ಬ್ರೋಷರಿನಲ್ಲಿ 4,300 ಪೌಂಡ್ ಅಂತ ಬರೆದಿದೆ, ಹಾಗಾಗಿ ಅದನ್ನು ನೀರಿನಿಂದ ಮೇಲೆತ್ತಿ ನಿಲ್ಲಿಸಲು 7,000 ಪೌಂಡ್ ಹೊರುವ ಲಿಫ್ಟ್ ಧಾರಾಳ ಅನ್ನುವುದು ನಿಮ್ಮ ಲೆಕ್ಕ. ನಾವು ಫ್ಲೋರಿಡಾದ ಇದೇ ಭಾಗದಲ್ಲಿ ಮನೆ ಕೊಂಡಾಗ, ಹಿಂದಿನ ಮಾಲೀಕರು ಥೇಟ್ ಇದೇ ಲೆಕ್ಕದಲ್ಲಿ ಹಾಕಿಸಿದ್ದ ಲಿಫ್ಟು ಮನೆಯ ಜೊತೆಗೇ ಬಂತು. ಅದನ್ನು ಬಿಚ್ಚಿಸಿ 10,000 ಪೌಂಡಿನದು ಹಾಕಿಸುವ ಖರ್ಚು ನಮ್ಮ ಮೇಲೆ ಬಿತ್ತು. ಕೇಬಲ್ಲೋ ಎಲಿವೇಟರೋ, ಯಾವ ಕಂಪನಿ ಅನ್ನುವ ನಿಮ್ಮ ಉಳಿದ ಪ್ರಶ್ನೆಗಳನ್ನು ಆಮೇಲೆ ನೋಡೋಣ. ಮೊದಲು ತೂಕ.

ಬ್ರೋಷರಿನ ತೂಕ ಸಾಮಾನ್ಯವಾಗಿ ಒಣ ತೂಕ, ಅಂದರೆ ಇಂಧನ, ನೀರು, ಸಾಮಾನು ಬಿಟ್ಟದ್ದು. ಎಷ್ಟೋ ಕಂಪನಿಗಳು ಅದರಲ್ಲಿ ಎಂಜಿನ್ನನ್ನೂ ಸೇರಿಸಿರುವುದಿಲ್ಲ. ನಿಮ್ಮ ಬೋಟಿನದೂ ಎಂಜಿನ್ ಇಲ್ಲದ ತೂಕವೇ ಅಂದುಕೊಂಡು ಕೂಡಿಸುತ್ತಾ ಬನ್ನಿ. 300 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್ ಸುಮಾರು 560 ಪೌಂಡ್. ಪೆಟ್ರೋಲ್ ಗ್ಯಾಲನ್‌ಗೆ 6.2 ಪೌಂಡಿನ ಹತ್ತಿರ, 100 ಗ್ಯಾಲನ್ ಟ್ಯಾಂಕ್ ತುಂಬಿದರೆ 620. ಟಿ-ಟಾಪ್ ನೆರಳು 250. ಬ್ಯಾಟರಿ ಒಂದಕ್ಕೆ 60ರಂತೆ ಮೂರಕ್ಕೆ 180. ಸಿಹಿನೀರು ಗ್ಯಾಲನ್‌ಗೆ 8.3 ಪೌಂಡ್, 15 ಗ್ಯಾಲನ್‌ಗೆ 125. ಲಂಗರು, ಸರಪಳಿ, ಹಗ್ಗ 50. ಐಸ್ ಪೆಟ್ಟಿಗೆ, ಲೈಫ್ ಜಾಕೆಟ್, ಗಾಳದ ಸಾಮಾನು, ಹತಾರು ಎಲ್ಲ ಸೇರಿ 300. ಒಟ್ಟು 6,385 ಆಯಿತು. ಲೈವ್‌ವೆಲ್ಲಿನ (ಮೀನನ್ನು ಜೀವಂತ ಇಡುವ ತೊಟ್ಟಿಯ) ನೀರು ಖಾಲಿ ಮಾಡದೆ ಎತ್ತಿದರೆ ಇನ್ನೂ 200 ಸೇರಿಸಿ.

6,400 ಅಂದರೂ 7,000ಕ್ಕಿಂತ ಕಡಿಮೆಯೇ ಅಲ್ಲವೇ ಅಂತ ಲಿಫ್ಟ್ ಮಾರುವವರು ಹೇಳುತ್ತಾರೆ. ತಪ್ಪಿರುವುದು ಅಲ್ಲಿಯೇ. 7,000 ಎನ್ನುವ ರೇಟಿಂಗ್ ನಾಲ್ಕು ಮೂಲೆಗೂ ಸಮನಾಗಿ ಹಂಚಿದ ಭಾರಕ್ಕೆ ಕೊಟ್ಟದ್ದು, ಮೂಲೆಗೆ 1,750 ಪೌಂಡ್. ಔಟ್‌ಬೋರ್ಡ್ ಬೋಟಿನಲ್ಲಿ ಎಂಜಿನ್, ಬ್ಯಾಟರಿ, ಟ್ಯಾಂಕಿನ ಹೆಚ್ಚಿನ ಭಾಗ ಎಲ್ಲವೂ ಹಿಂದಕ್ಕೇ ಇರುತ್ತವೆ. ಮೆಟ್ಟಿಲಲ್ಲಿ ನಾಲ್ವರು ಬೀರು ಹತ್ತಿಸುವಾಗ ಕೆಳಗಿನ ಇಬ್ಬರ ತೋಳಿಗೇ ಭಾರ ಬೀಳುವಂತೆ ಇಲ್ಲೂ ಆಗುತ್ತದೆ. ಭಾರದ ಶೇಕಡ 60 ಹಿಂದಿನ ಎರಡು ಮೂಲೆಗೆ ಬಿತ್ತೆಂದರೆ 3,840, ಅಂದರೆ ಒಂದೊಂದು ಮೂಲೆಗೆ 1,920. ಒಟ್ಟು ತೂಕ ರೇಟಿಂಗಿನ ಒಳಗೇ ಇದೆ, ಆದರೆ ಹಿಂದಿನ ಎರಡು ಮೂಲೆಗಳು ಬೋಟು ಎತ್ತಿದ ಕ್ಷಣದಿಂದ ಇಳಿಸುವವರೆಗೂ, ವಾರಗಟ್ಟಲೆ, ಮಿತಿ ಮೀರಿದ ಭಾರ ಹೊತ್ತು ನಿಂತಿರುತ್ತವೆ. 10,000 ಪೌಂಡಿನ ಲಿಫ್ಟಿನಲ್ಲಿ ಮೂಲೆಯ ಮಿತಿ 2,500. ಅದೇ 1,920 ಅಲ್ಲಿ ಶೇಕಡ 77 ಮಾತ್ರ.

ಕೇಬಲ್ಲಿನ ಲೆಕ್ಕವನ್ನೂ ನೋಡಿ. ಲಿಫ್ಟುಗಳಲ್ಲಿ ಹೆಚ್ಚಾಗಿ ಬಳಸುವ 5/16 ಇಂಚಿನ 304 ಸ್ಟೇನ್‌ಲೆಸ್ ಕೇಬಲ್ ಹರಿಯುವುದು ಸುಮಾರು 9,000 ಪೌಂಡಿಗೆ. ಸುರಕ್ಷತೆಗೆ ಅದರ ಐದನೇ ಒಂದು ಭಾಗವನ್ನಷ್ಟೇ ಹೊರಿಸಬೇಕು ಅನ್ನುವುದು ರೂಢಿ, ಅಂದರೆ 1,800. ಸಣ್ಣ ಲಿಫ್ಟುಗಳಲ್ಲಿ ಮೂಲೆಗೆ ಒಂದೇ ಎಳೆ ಕೇಬಲ್ ನೇತುಬಿಟ್ಟಿರುವುದುಂಟು. 1,920 ಅದಕ್ಕೂ ಹೆಚ್ಚಾಯಿತು. ದೊಡ್ಡ ಲಿಫ್ಟಿನಲ್ಲಿ ಕ್ರೇಡಲ್ (ಬೋಟನ್ನು ಹೊತ್ತು ಏರುವ ತೊಲೆಗಳ ಚೌಕಟ್ಟು) ತುದಿಯಲ್ಲಿ ರಾಟೆ ಇಟ್ಟು ಕೇಬಲ್ಲನ್ನು ಎರಡೆಳೆ ಮಾಡುತ್ತಾರೆ. ಪ್ರತಿ ಎಳೆಗೆ ಅರ್ಧ ಭಾರ.

ಕೆಡುವುದು ಒಮ್ಮೆಲೇ ಅಲ್ಲ, ಒಂದೊಂದಾಗಿ. ಮೊದಲು ಹಿಂದಿನ ಕೇಬಲ್ ಎಳೆದುಕೊಂಡು ಬೋಟು ಹಿಂದಕ್ಕೆ ವಾಲುತ್ತದೆ. ಕೇಬಲ್ ರಾಟೆಯನ್ನು ಬಳಸುವ ಜಾಗದಲ್ಲಿ ತಂತಿಗಳು ಒಂದೊಂದಾಗಿ ಮುರಿದು ಮುಳ್ಳಿನಂತೆ ಹೊರಬರುತ್ತವೆ. ಕೇಬಲ್ ಸುತ್ತುವ ಡ್ರಮ್ಮಿನ ಬೇರಿಂಗ್, ಗೇರ್‌ಬಾಕ್ಸಿನ ವರ್ಮ್ ಗೇರ್ ಸವೆಯುತ್ತವೆ. ಮೋಟಾರು ಬಿಸಿಯಾಗಿ ಅರ್ಧದಲ್ಲಿ ನಿಲ್ಲುತ್ತದೆ. ಇದರ ಮೇಲೆ ಮಳೆ ಬೇರೆ. ಡ್ರೇನ್ ಪ್ಲಗ್ ತೆಗೆಯದೆ ಹೋದಿರಿ, ಅಥವಾ ತೂತಿಗೆ ಎಲೆ ಕಟ್ಟಿಕೊಂಡಿತು ಅನ್ನಿ. 150 ಚದರ ಅಡಿಯ ಮೇಲೆ 6 ಇಂಚು ಮಳೆನೀರು ನಿಂತರೆ 4,600 ಪೌಂಡಿಗೂ ಹೆಚ್ಚು. ಬೇಸಿಗೆಯ ಬಿರುಮಳೆಯಲ್ಲಿ ಆಗದ ಮಾತಲ್ಲ ಅದು. ಬೋಟು ಲಿಫ್ಟಿಗೇರಿದ ಕೂಡಲೇ ಪ್ಲಗ್ ತೆಗೆಯಬೇಕು, ಹಿಂಭಾಗ ಒಂದೆರಡು ಇಂಚು ತಗ್ಗಿರುವಂತೆ ಕೇಬಲ್ ಹೊಂದಿಸಬೇಕು. ಆಗ ನೀರು ತಾನಾಗಿ ಹರಿದುಹೋಗುತ್ತದೆ.

ಕಾಗದದ ಲೆಕ್ಕ ನಂಬುವ ಬದಲು ಬೋಟನ್ನು ಟ್ರೇಲರ್ ಮೇಲೆ, ಟ್ಯಾಂಕ್ ತುಂಬಿಸಿ, ಹೆದ್ದಾರಿಯ ಟ್ರಕ್ ಸ್ಟಾಪಿನ ವೇ ಬ್ರಿಡ್ಜಿಗೆ ಒಯ್ಯಿರಿ. ಖಾಲಿ ಟ್ರೇಲರಿನ ತೂಕ ಕಳೆದರೆ ನಿಜವಾದ ಅಂಕಿ ಸಿಗುತ್ತದೆ. ಅದಕ್ಕೆ ಶೇಕಡ 25ರಿಂದ 30 ಸೇರಿಸಿ, ಬಂದ ಅಂಕಿಗಿಂತ ಮೇಲಿನ ಅಳತೆಯ ಲಿಫ್ಟ್ ಕೊಳ್ಳಿ. ನಿಮ್ಮದಕ್ಕೆ ಅದು 10,000. ಮುಂದೆ ಎರಡು ಎಂಜಿನ್ನಿನ ಬೋಟು ಕೊಳ್ಳುವ ಆಸೆಯಿದ್ದರೆ ಇನ್ನೂ ಮೇಲಿನದು. ಪೈಲಿಂಗ್ (ಕಂಬ ನೆಡುವುದು), ಪರ್ಮಿಟ್, ವಿದ್ಯುತ್ ಖರ್ಚು 7,000 ಪೌಂಡಿನದಕ್ಕೂ 10,000 ಪೌಂಡಿನದಕ್ಕೂ ಹೆಚ್ಚುಕಡಿಮೆ ಒಂದೇ. ಯಂತ್ರದ ಬೆಲೆಯ ಅಂತರವನ್ನು ಮಾತ್ರ ನೋಡಿ ಚಿಕ್ಕದನ್ನು ಆರಿಸುವುದು ಉಳಿತಾಯವೇ ಅಲ್ಲ.

ಈಗ ಯಾವ ಬಗೆ ಅನ್ನುವುದು. ನಿಮ್ಮ ಕಾಲುವೆಗೆ ನಾಲ್ಕು ಕಂಬದ ಕೇಬಲ್ ಲಿಫ್ಟೇ ಸರಿ. ಸೀವಾಲ್‌ಗೆ (ದಂಡೆಯ ತಡೆಗೋಡೆಗೆ) ಅಂಟಿಕೊಂಡು ಹಳಿಯ ಮೇಲೆ ಏರುವ ಎಲಿವೇಟರ್ ಲಿಫ್ಟು, ಹೊರಗಡೆ ಕಂಬ ನೆಡಲು ಜಾಗವಿಲ್ಲದ ಕಿರಿದಾದ ಕಾಲುವೆಗೆ. ಹಳೆಯ ಸೀವಾಲ್‌ಗೆ ಇಷ್ಟು ಭಾರ ತೂಗುಹಾಕುವ ಮೊದಲು ಅದನ್ನು ಹಿಂದಿನ ಮಣ್ಣಿಗೆ ಬಿಗಿದಿಡುವ ಟೈಬ್ಯಾಕ್ ಆಂಕರುಗಳನ್ನು ಎಂಜಿನಿಯರ್ ನೋಡಲೇಬೇಕು. ತಳದ ಮೇಲೆ ನಿಲ್ಲಿಸುವ ಲಿಫ್ಟುಗಳು ಉತ್ತರದ ಸರೋವರಗಳಿಗೆ ಮಾಡಿದಂಥವು. ತೇಲುವ ಲಿಫ್ಟು ಕೆಟ್ಟದ್ದಲ್ಲ, ಆದರೆ ಅದನ್ನು ತೇಲಿಸುವ ಟ್ಯಾಂಕುಗಳಿಗೆ ಬಾರ್ನಕಲ್ ಎಂಬ ಚಿಪ್ಪುಜೀವಿ ಕಚ್ಚುತ್ತದೆ, ನೀರೂ ಆಳ ಬೇಕು. ಕಂಪನಿ ಯಾವುದು ಅನ್ನುವುದಕ್ಕಿಂತ, ಬಿಡಿಭಾಗ ಹತ್ತಿರದಲ್ಲಿ ಸಿಗುತ್ತದೆಯೇ, ಕಂಬ ನೆಡುವವರ ಕೈ ಎಂಥದ್ದು ಅನ್ನುವುದನ್ನು ವಿಚಾರಿಸಿ. ಇನ್ನು ನೀರಿಗಿಳಿಯುವುದು ತಿಂಗಳಿಗೊಮ್ಮೆ ಮಾತ್ರವಾದರೆ ಲಿಫ್ಟೇ ಬೇಡ, ಟ್ರೇಲರ್ ಸಾಕು ಅನ್ನುತ್ತೇನೆ.

ನೀರಿನ ಆಳವನ್ನು ಇಳಿತದ ಹೊತ್ತಿನಲ್ಲಿ, ಕಂಬ ಬರುವ ನಾಲ್ಕೂ ಜಾಗದಲ್ಲಿ ಅಳೆಯಿರಿ. ಬೋಟು ನೀರಲ್ಲಿ ಮುಳುಗುವ ಆಳ 20 ಇಂಚು, ಬೋಟಿನ ತಳಕ್ಕೂ ಕ್ರೇಡಲ್ ತೊಲೆಗೂ ನಡುವೆ 4, ತೊಲೆಯ ಎತ್ತರ 10, ಬೋಟು ತೇಲಿ ಬಿಡಿಸಿಕೊಳ್ಳಲು 6, ತೊಲೆ ಕೆಸರಿಗೆ ತಾಗದಿರಲು 4. ಒಟ್ಟು 44 ಇಂಚು, ಅಂದರೆ ನಾಲ್ಕಡಿಗೆ ಸ್ವಲ್ಪ ಕಡಿಮೆ. ಚಳಿಗಾಲದಲ್ಲಿ ಉತ್ತರದಿಂದ ಜೋರು ಗಾಳಿ ಬೀಸಿದರೆ ಗಲ್ಫ್ ಕರಾವಳಿಯ ಕೊಲ್ಲಿಗಳ ನೀರು ಹೊರಕ್ಕೆ ತಳ್ಳಲ್ಪಟ್ಟು, ಕಾಲುವೆಯ ಮಟ್ಟ ಉಬ್ಬರವಿಳಿತದ ಪಟ್ಟಿಯಲ್ಲಿ ಬರೆದದ್ದಕ್ಕಿಂತಲೂ ಕೆಳಗೆ ಹೋಗುತ್ತದೆ. ಆ ದಿನ ಬೋಟು ಇಳಿಯಬೇಕಾದರೆ ಇನ್ನೊಂದಡಿ ಆಳ ಇರಲಿ.

ಕಂಬಕ್ಕೆ ಉಪ್ಪುನೀರಿಗಾಗಿಯೇ ರಾಸಾಯನಿಕ ಕುಡಿಸಿದ ಸದರ್ನ್ ಯೆಲ್ಲೋ ಪೈನ್ ಮರ ಬೇಕು. ಪ್ರತಿ ಘನ ಅಡಿಗೆ 2.5 ಪೌಂಡ್ ಸಿಸಿಎ (ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಮರರಕ್ಷಕ) ಎಂದು ಕೊಟೇಶನ್ನಿನಲ್ಲೇ ಬರೆಸಿ. ಸಾಮಾನ್ಯ ಕಟ್ಟಡದ ಮರ ಹಾಕಿದರೆ ಟೆರೆಡೋ ಎನ್ನುವ ಮರಕೊರಕ ಒಳಗಿನಿಂದ ತಿಂದು ಜೊಳ್ಳು ಮಾಡುತ್ತದೆ, ಹೊರಗಿಂದ ತಿಳಿಯುವುದೇ ಇಲ್ಲ. ತಳದ ಮಣ್ಣಿನಿಂದ ಉಬ್ಬರದ ಗೆರೆಯವರೆಗೆ ಪ್ಲಾಸ್ಟಿಕ್ ಹೊದಿಕೆ ಸುತ್ತಿಸಿದರೆ ಆಯಸ್ಸು ಹೆಚ್ಚುತ್ತದೆ. ಕಂಬ ಮಣ್ಣಿನೊಳಗೆ 8ರಿಂದ 10 ಅಡಿ ಹೋಗಬೇಕು. ಇಲ್ಲಿ ಕೆಳಗೆ ಸುಣ್ಣಕಲ್ಲಿನ ಪದರ ಸಿಗುವುದು ಸಾಮಾನ್ಯ. ಕಲ್ಲು ತಾಗಿತು ಎಂದು ಅಲ್ಲೇ ನಿಲ್ಲಿಸಿದ ಕಂಬ ಬುಡದಲ್ಲಿ ಹಿಡಿತವಿಲ್ಲದೆ ಅಲ್ಲಾಡುತ್ತದೆ, ಕಲ್ಲನ್ನು ಕೊರೆದು ಇಳಿಸಬೇಕು. ನೀರು ಚಿಮ್ಮಿಸಿ ಮರಳು ಸಡಿಲಿಸಿ ಇಳಿಸುವ ಜೆಟ್ಟಿಂಗ್ ವಿಧಾನದಲ್ಲಿ ಕೊನೆಯ ಕೆಲವು ಅಡಿಯನ್ನು ಹೊಡೆದೇ ಇಳಿಸಲಿ. ಸೀವಾಲ್ ಪಕ್ಕದಲ್ಲೇ ಜೆಟ್ ಮಾಡಿದರೆ ಗೋಡೆಯ ಬುಡದ ಮಣ್ಣು ಕೊಚ್ಚಿಹೋಗುತ್ತದೆ. ಇದನ್ನು ಕೆಲಸ ಶುರುವಾಗುವ ಮೊದಲೇ ಹೇಳಿಡಿ. ನಾಲ್ಕೂ ತಲೆಗಳನ್ನು ಲೇಸರ್ ಮಟ್ಟದಲ್ಲಿ ಕತ್ತರಿಸಿ, ಮೇಲೆ ಟೋಪಿ ಹಾಕಿಸಿ.

ಕ್ರೇಡಲ್ ಅಲ್ಯೂಮಿನಿಯಂ, ಬೋಲ್ಟುಗಳು 316 ಸ್ಟೇನ್‌ಲೆಸ್. ಎರಡು ಲೋಹ ತಾಗುವಲ್ಲಿ ಪ್ಲಾಸ್ಟಿಕ್ ತುಂಡು ಇಲ್ಲದಿದ್ದರೆ ಉಪ್ಪುನೀರಲ್ಲಿ ಅಲ್ಯೂಮಿನಿಯಂ ಕರಗುತ್ತದೆ, ಸತುವಿನ ಆನೋಡ್ ಕೂಡ ಹಾಕಿಸಿ. ಕೇಬಲ್ಲಿಗೆ 304 ಸ್ವಲ್ಪ ಗಟ್ಟಿ, 316 ತುಕ್ಕನ್ನು ಹೆಚ್ಚು ತಡೆಯುತ್ತದೆ. ಎರಡೆಳೆಯ ದೊಡ್ಡ ಲಿಫ್ಟಿಗೆ ನಾನು 316 ಅನ್ನುತ್ತೇನೆ. ಕೇಬಲ್ ಕ್ಲಿಪ್ಪಿನ ಯು-ಬೋಲ್ಟ್ ಕೇಬಲ್ಲಿನ ಚಿಕ್ಕ ಬಾಲದ ಕಡೆ, ಅಗಲದ ತಟ್ಟೆ ಭಾರ ಹೊರುವ ಕಡೆ ಬರಬೇಕು. ತಿರುಗುಮುರುಗಾದರೆ ಭಾರ ಹೊರುವ ಕೇಬಲ್ಲೇ ನಜ್ಜುಗುಜ್ಜಾಗುತ್ತದೆ. ಬೋಟು ಕೂರುವ ಬಂಕ್ ಹಲಗೆಗಳು ಬೋಟಿನ ಒಳಗಿನ ಉದ್ದತೊಲೆಗಳ ಕೆಳಗೇ ಕೂರಬೇಕು, ತಳದಲ್ಲಿರುವ ಆಳ ಅಳೆಯುವ ಟ್ರಾನ್ಸ್‌ಡ್ಯೂಸರಿಗೆ ತಾಗಬಾರದು. ಬೋಟನ್ನು ಮುಂದೆಯೋ ಹಿಂದೆಯೋ ಸರಿಸಿ ಅದರ ಭಾರಕೇಂದ್ರ ಎರಡು ಕ್ರೇಡಲ್ ತೊಲೆಗಳ ನಟ್ಟನಡುವೆ ಬರುವಂತೆ ಎಷ್ಟು ಸಾಧ್ಯವೋ ಅಷ್ಟು ಹೊಂದಿಸಿ, ಆ ಜಾಗಕ್ಕೆ ಗೈಡ್ ಕಂಬದ ಮೇಲೆ ಗುರುತು ಹಾಕಿ. ಹಿಂದಿನ ಮೂಲೆಯ ಭಾರ ಇಳಿಯುವುದು ಅದರಿಂದಲೇ.

ವಿದ್ಯುತ್ತಿನಲ್ಲಿ 240 ವೋಲ್ಟ್ ಬಿಟ್ಟು ಬೇರೆ ಮಾತು ಬೇಡ. ಮುಕ್ಕಾಲು ಅಶ್ವಶಕ್ತಿಯ ಎರಡು ಮೋಟಾರು 120 ವೋಲ್ಟಿನಲ್ಲಿ ಸುಮಾರು 27 ಆಂಪಿಯರ್ ಎಳೆಯುತ್ತವೆ, 240ರಲ್ಲಿ ಅದರರ್ಧ. ಪ್ಯಾನೆಲ್ಲಿನಿಂದ 150 ಅಡಿ ದೂರಕ್ಕೆ 10 ಗೇಜ್ ತಂತಿ ಎಳೆದರೆ, ಮೊದಲನೆಯದರಲ್ಲಿ 10 ವೋಲ್ಟಿನ ಹತ್ತಿರ, ಅಂದರೆ ಶೇಕಡ 8ರಷ್ಟು ದಾರಿಯಲ್ಲೇ ಸೋರಿಹೋಗುತ್ತದೆ. ಎರಡನೆಯದರಲ್ಲಿ ಶೇಕಡ 2. ಭಾರ ಎತ್ತುವ ಹೊತ್ತಿಗೆ ವೋಲ್ಟೇಜ್ ಕುಸಿದರೆ ಮೋಟಾರು ಸುಡುತ್ತದೆ. ಜಿಎಫ್‌ಸಿಐ (ವಿದ್ಯುತ್ ಸೋರಿದ ಕೂಡಲೇ ಕಡಿಯುವ) ಬ್ರೇಕರ್ ಕಡ್ಡಾಯ, ಅಮೆರಿಕದ ವಿದ್ಯುತ್ ಸಂಹಿತೆಯ 555ನೇ ವಿಧಿಯಲ್ಲಿ ಅದಿದೆ. ಪದೇ ಪದೇ ಟ್ರಿಪ್ ಆಗುತ್ತದೆಂದು ಅದನ್ನು ತೆಗೆಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೀರಿಗೆ ಸೋರಿದ ವಿದ್ಯುತ್ತು ಈಜುವವರ ಸ್ನಾಯು ಹಿಡಿದು ಮುಳುಗಿಸುತ್ತದೆ. ಸಿಹಿನೀರಿನ ಕಾಲುವೆಗಳಲ್ಲಿ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಆ ನೀರಿಗಿಂತ ಮನುಷ್ಯನ ದೇಹವೇ ಒಳ್ಳೆಯ ವಾಹಕ. ಲಿಫ್ಟಿನ ಸುತ್ತ ಮಕ್ಕಳನ್ನು ಈಜಲು ಬಿಡಲೇಬೇಡಿ.

ಪರ್ಮಿಟ್ ಬಗ್ಗೆ ಎರಡೇ ಮಾತು. ನಗರದ ಕಟ್ಟಡ ಪರ್ಮಿಟ್ ಜೊತೆಗೆ ರಾಜ್ಯದ ಪರಿಸರ ಇಲಾಖೆ ಮತ್ತು ಆರ್ಮಿ ಕೋರ್ ಆಫ್ ಎಂಜಿನಿಯರ್ಸ್ ಎರಡರ ನಿಯಮವೂ ಅನ್ವಯಿಸುತ್ತದೆ. ಅರ್ಜಿ ಗುತ್ತಿಗೆದಾರರ ಹೆಸರಿನಲ್ಲೇ ಹೋಗಲಿ. ಕಾಲುವೆಯೊಳಕ್ಕೆ ಎಷ್ಟು ಚಾಚಬಹುದು, ಪಕ್ಕದ ಸರಹದ್ದಿನಿಂದ ಎಷ್ಟು ದೂರ ಇರಬೇಕು ಅನ್ನುವುದನ್ನು ಬೋಟಿನ ಉದ್ದ ಸೇರಿಸಿ ಮೊದಲೇ ನಕ್ಷೆಯಲ್ಲಿ ಹಾಕಿಸಿ. ಕೆಲಸದ ವೇಳೆ ಮ್ಯಾನಟೀ (ಕಡಲಹಸು) 50 ಅಡಿಯೊಳಗೆ ಬಂದರೆ ಎಲ್ಲವನ್ನೂ ನಿಲ್ಲಿಸಬೇಕು.

ಚಂಡಮಾರುತ ಬರುತ್ತದೆಂದರೆ ಲಿಫ್ಟನ್ನು ಎತ್ತರಕ್ಕೆ ಏರಿಸಿದರೆ ಸಾಕು ಎನ್ನುವ ನಂಬಿಕೆ ನಿಮ್ಮ ಪ್ರಶ್ನೆಯಲ್ಲೂ ಇದೆ. 2022ರ ಸೆಪ್ಟೆಂಬರ್ 28ರಂದು ಇಯಾನ್ ಅಪ್ಪಳಿಸಿದಾಗ ಹತ್ತಿರದ ಫೋರ್ಟ್ ಮೈಯರ್ಸ್ ಬೀಚಿನಲ್ಲಿ ನೀರು 10 ಅಡಿಗೂ ಮೇಲೆ ಏರಿತ್ತು. ಅಷ್ಟು ನೀರು ಬಂದರೆ ಬೋಟು ಬಂಕಿನಿಂದ ತೇಲಿಹೋಗುತ್ತದೆ, ಇಳಿಯುವಾಗ ಕಂಬದ ಮೇಲೋ ಪಕ್ಕದವರ ಅಂಗಳಕ್ಕೋ ಬೀಳುತ್ತದೆ. ಬೋಟನ್ನು ಟ್ರೇಲರಿಗೆ ಹತ್ತಿಸಿ ಒಳನಾಡಿಗೆ ಒಯ್ಯಿರಿ, ಖಾಲಿ ಕ್ರೇಡಲ್ಲನ್ನು ಮೇಲೇರಿಸಿ ಕಂಬಗಳಿಗೆ ಬಿಗಿದು ಕಟ್ಟಿ, ಬ್ರೇಕರ್ ಆರಿಸಿ.

ನಿರ್ವಹಣೆಯಲ್ಲಿ ಮುಖ್ಯವಾದದ್ದು ಕೇಬಲ್. ಅತಿಯಾಗಿ ಇಳಿಸಿ ಕೇಬಲ್ ಸಡಿಲವಾದರೆ ಡ್ರಮ್ಮಿನ ಮೇಲೆ ಉಲ್ಟಾ ಸುತ್ತಿಕೊಳ್ಳುತ್ತದೆ, ಆಮೇಲೆ ಇಳಿಸುವ ಗುಂಡಿ ಒತ್ತಿದರೆ ಲಿಫ್ಟ್ ಏರತೊಡಗುತ್ತದೆ. ಲಿಮಿಟ್ ಸ್ವಿಚ್ ಹಾಕಿಸಿ, ಪೂರ್ತಿ ಇಳಿದಾಗಲೂ ಡ್ರಮ್ಮಿನಲ್ಲಿ ಮೂರು ಸುತ್ತು ಉಳಿದಿರಲಿ. ಸಿಹಿನೀರಿನಲ್ಲಿ ತೊಳೆಯುತ್ತಿರಿ, ಆಗಾಗ ಬಟ್ಟೆ ಹಿಡಿದು ಸವರಿ ನೋಡಿ. ಬಟ್ಟೆ ಸಿಕ್ಕಿಕೊಂಡರೆ ತಂತಿ ಮುರಿದಿದೆ ಎಂದು ಅರ್ಥ. ಆಗ ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿ. ಒಂದನ್ನೇ ಬದಲಾಯಿಸಿದರೆ ಹಳತು ಹೊಸತುಗಳ ಎಳೆತ ಬೇರೆಯಾಗಿ ಬೋಟು ಓರೆಯಾಗುತ್ತದೆ.

ಕೊನೆಯ ಕಂತು ಕೊಡುವ ಮೊದಲು ಟ್ಯಾಂಕ್ ತುಂಬಿದ ಬೋಟನ್ನು ಗುತ್ತಿಗೆದಾರರ ಎದುರೇ ಪೂರ್ತಿ ಏರಿಸಿ, ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ನಾಲ್ಕೂ ಮೂಲೆಯ ಮಟ್ಟ ಅಳೆಯಿರಿ. ಕಂಬ ನೆಟ್ಟವರು, ಎಲೆಕ್ಟ್ರಿಷಿಯನ್ ಸೇರಿದಂತೆ ಎಲ್ಲರಿಂದಲೂ ಲಿಯನ್ (ಬಾಕಿ ಹಣಕ್ಕಾಗಿ ಆಸ್ತಿಯ ಮೇಲಿನ ಹಕ್ಕು) ಬಿಡುಗಡೆ ಪತ್ರ ಕೈಗೆ ಬಂದ ಮೇಲೆ ಚೆಕ್ ಬರೆಯಿರಿ. ಫ್ಲೋರಿಡಾ ಕಾನೂನಿನಲ್ಲಿ ಗುತ್ತಿಗೆದಾರ ಅವರಿಗೆ ಹಣ ಕೊಡದಿದ್ದರೆ ಅವರು ನಿಮ್ಮ ಮನೆಯ ಮೇಲೇ ಹಕ್ಕು ಹೂಡಬಹುದು.